ಕತ್ತರಿ ಕೈ ಬದಲಾಯಿಸಿದ ಕಥೆ

(ದೊಡ್ಡಬಳ್ಳಾಪುರದಲ್ಲಿ ಹೊಲಿಗೆ ತರಬೇತಿ ಮುಗಿಸಿದ ಮಹಿಳೆಯರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತಿನ ಬರಹರೂಪ)



ಮೂರು ತಿಂಗಳ ತರಬೇತಿ ಮುಗಿಸಿ ಇವತ್ತು ನೀವು ಪ್ರಮಾಣಪತ್ರ ಪಡೆದಿದ್ದೀರಿ. ಇದೇ ಕೆಲಸವನ್ನು ದರ್ಜಿಯ ಮನೆಯ ಹುಡುಗ ಸುಮಾರು ಹತ್ತು ವರ್ಷ ಕಲಿಯುತ್ತಿದ್ದ. ಹಾಗಾದರೆ ಉಳಿದ ಒಂಬತ್ತು ಮುಕ್ಕಾಲು ವರ್ಷ ಅವನು ಏನು ಮಾಡುತ್ತಿದ್ದ? ಬರೀ ಕಾಲ ಕಳೆಯುತ್ತಿದ್ದನೆ, ಅಥವಾ ನಿಮಗೆ ಯಾರೂ ಹೇಳಿಕೊಡದ ಏನನ್ನೋ ಕಲಿಯುತ್ತಿದ್ದನೆ? ನನ್ನನ್ನು ಮಾತನಾಡಲು ಕರೆದಾಗ ಮನಸ್ಸಿಗೆ ಬಂದ ಪ್ರಶ್ನೆ ಇದು. ಅದನ್ನೇ ಹಿಡಿದು ನಾಲ್ಕು ಮಾತು ಆಡುತ್ತೇನೆ.

ಈ ಪ್ರಶ್ನೆ ಕೇಳುವುದಕ್ಕೆ ದೊಡ್ಡಬಳ್ಳಾಪುರಕ್ಕಿಂತ ಒಳ್ಳೆಯ ಊರು ಸಿಗಲಾರದು. ಇಲ್ಲಿ ಬೀದಿಗೆ ಕಾಲಿಟ್ಟರೆ ಮನೆಯೊಳಗಿನಿಂದ ಮಗ್ಗದ ಸದ್ದು ಕೇಳುತ್ತದೆ. ಸೀರೆ ಇಲ್ಲೇ ಹುಟ್ಟುತ್ತದೆ. ಊರ ಹೊರಗಿನ ಅಪೆರಲ್ ಪಾರ್ಕಿನಲ್ಲಿ ಕಾರ್ಖಾನೆಗಳು ಪರದೇಶದವರಿಗೆ ಅಂಗಿ, ಪ್ಯಾಂಟು ಸಿದ್ಧಪಡಿಸುತ್ತವೆ. ಬಟ್ಟೆ ನೇಯುವವರೂ ಇದ್ದಾರೆ, ಉಡುಪನ್ನು ಸಾವಿರಗಟ್ಟಲೆ ಮಾಡುವವರೂ ಇದ್ದಾರೆ. ಇವರಿಬ್ಬರ ನಡುವೆ, ಹತ್ತಡಿ ಅಗಲದ ಅಂಗಡಿಯಲ್ಲಿ, ಕುತ್ತಿಗೆಗೆ ಟೇಪು ಹಾಕಿಕೊಂಡು ನಿಂತಿರುವವರು ಟೈಲರ್. ಒಬ್ಬ ಮನುಷ್ಯನಿಗೆ ಒಂದು ಅಂಗಿ ಎಂಬ ಲೆಕ್ಕದಲ್ಲಿ ಕೆಲಸ ಮಾಡುವವರು ಈ ಊರಿನಲ್ಲಿ ಅವರೊಬ್ಬರೇ.

ಲಂಡನ್ನಿನ ಸ್ಯಾವಿಲ್ ರೋ ಎಂಬ ಬೀದಿಯ ಟೈಲರುಗಳು ಇಂಥ ಕೆಲಸಕ್ಕೆ ‘ಬೀಸ್ಪೋಕ್’ ಎಂಬ ಹೆಸರು ಕೊಟ್ಟು ಜಗತ್ತಿಗೆಲ್ಲ ಹಬ್ಬಿಸಿದರು. ಇದು ಇಂಥವರಿಗೆ ಎಂದು ಮೊದಲೇ ಮಾತಾಗಿರುವ ಬಟ್ಟೆ ಎಂದು ಅದರ ಅರ್ಥ. ಅಲ್ಲಿ ಅದು ಶ್ರೀಮಂತರ ಸೊತ್ತು. ನಮ್ಮಲ್ಲಿ ಅದಕ್ಕೆ ಬೇರೆ ಹೆಸರೇ ಇಲ್ಲ. ‘ಅಂಗಿ ಹೊಲಿಸಿಕೊಂಡೆ’ ಎಂದರೆ ಸಾಕು, ಅಳತೆ ಕೊಟ್ಟದ್ದು, ಎರಡು ಸಲ ಅಂಗಡಿಗೆ ಅಲೆದದ್ದು ಎಲ್ಲವೂ ಅದರಲ್ಲೇ ಬಂತು. ಕೂಲಿ ಮಾಡುವವರೂ ಹಬ್ಬಕ್ಕೆ ಅಳತೆ ಕೊಟ್ಟೇ ಅಂಗಿ ಹೊಲಿಸುತ್ತಿದ್ದ ನಾಡು ಇದು.

ಆದರೆ ಈ ಕಸುಬು ನಮ್ಮ ಹಳ್ಳಿಯ ಆದಿಕಾಲದ ಕಸುಬೇನೂ ಅಲ್ಲ. ಮೈಸೂರು ಸೀಮೆಯ ಹಳ್ಳಿಗಳ ಬಗ್ಗೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬರೆದ ಮಾರ್ಕ್ ವಿಲ್ಕ್ಸ್ ಹನ್ನೆರಡು ಆಯಗಾರರ ಪಟ್ಟಿ ಕೊಟ್ಟಿದ್ದಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕೆಲಸಿ, ಅಕ್ಕಸಾಲಿಗ. ಬಟ್ಟೆ ಒಗೆಯುವವನಿದ್ದಾನೆ, ಹೊಲಿಯುವವನಿಲ್ಲ. ಕಾರಣ ಸರಳ. ಪಂಚೆ, ಸೀರೆ, ರುಮಾಲು, ಹೊದೆಯುವ ಶಲ್ಯ ಇವು ಯಾವುದಕ್ಕೂ ಕತ್ತರಿ ಬೇಕಿರಲಿಲ್ಲ. ಮಗ್ಗದಿಂದ ಇಳಿದದ್ದನ್ನು ನೇರವಾಗಿ ಉಟ್ಟರೆ ಮುಗಿಯಿತು. ಏಳನೆಯ ಶತಮಾನದಲ್ಲಿ ಬಂದ ಚೀನಾದ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಕೂಡ ಭಾರತದ ಜನ ಬಟ್ಟೆಯನ್ನು ಕತ್ತರಿಸಿ ಹೊಲಿಯುವುದಿಲ್ಲವೆಂದು ಗಮನಿಸಿದ್ದ.

ಹಾಗೆಂದು ಹೊಲಿಗೆ ಇರಲೇ ಇಲ್ಲವೆಂದಲ್ಲ. ಕುಪ್ಪಸ ಎಂಬ ಮಾತು ಹಳೆಯದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವರಿದ್ದರು. ಕಸುಬೇ ಅವರ ಹೆಸರಿನ ಭಾಗವಾಗಿದೆ. ಪಂಢರಪುರದ ಸಂತ ನಾಮದೇವ ಹುಟ್ಟಿದ್ದು ಸಿಂಪಿಗರ ಮನೆಯಲ್ಲಿ. ವಿಜಯನಗರದ ಅರಮನೆಯಲ್ಲಿ ಉದ್ದನೆಯ ಕಬಾಯಿಯೂ ತಲೆಗೆ ಎತ್ತರದ ಕುಲಾವಿಯೂ ದರ್ಬಾರಿನ ಉಡುಪಾಗಿದ್ದವು. ಎರಡೂ ಪಶ್ಚಿಮದ ಮುಸ್ಲಿಂ ದರ್ಬಾರುಗಳ ಪ್ರಭಾವದಿಂದ ಬಂದವು. ಆ ರಾಜರ ಕುಲಾವಿ ಇಳಿಯುತ್ತ ಇಳಿಯುತ್ತ ನಮ್ಮ ಮನೆಯ ಕೂಸಿನ ತಲೆಗೆ ಬಂದು ಕೂತಿತು. ‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು’ ಎನ್ನುತ್ತೇವಲ್ಲ, ಆ ಗಾದೆಯಲ್ಲಿ ಹೊಲಿಗೆಯ ಒಂದು ಸತ್ಯವೂ ಇದೆ. ಮೈ ಎದುರಿಗಿಲ್ಲದೆ ಅಳತೆ ಇಲ್ಲ.

ಹೊಲಿಯುವವರಿಗೆ ನಮ್ಮಲ್ಲಿ ಎಷ್ಟು ಹೆಸರು ನೋಡಿ. ಚಿಪ್ಪಿಗ, ಸಿಂಪಿಗ, ದರ್ಜಿ, ಟೈಲರ್. ದರ್ಜಿ ಎಂಬುದು ಪಾರಸಿ ಮಾತು. ಪಾರಸಿಯಲ್ಲಿ ‘ದರ್ಜ್’ ಎಂದರೆ ಬಟ್ಟೆಯ ಜೋಡಣೆಯ ಗೆರೆ, ಅಂದರೆ ಹೊಲಿಗೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ತೆರೆದರೆ ದರ್ಜಿ, ಚಿಪ್ಪಿಗ, ಸಿಂಪಿ, ಶಿವಸಿಂಪಿ, ಭಾವಸಾರ ಕ್ಷತ್ರಿಯ, ರಂಗಾರಿ ಎಲ್ಲರನ್ನೂ ಒಂದೇ ಕಡೆ ಸೇರಿಸಿರುವುದು ಕಾಣುತ್ತದೆ. ಕೆಲವರು ಬಣ್ಣ ಹಾಕುತ್ತಿದ್ದರು, ಕೆಲವರು ಹೊಲಿಯುತ್ತಿದ್ದರು, ಎಷ್ಟೋ ಮನೆಗಳಲ್ಲಿ ಎರಡೂ ನಡೆಯುತ್ತಿತ್ತು. ಮರಾಠಿ ಮನೆಮಾತಿನ ಭಾವಸಾರರು, ಲಿಂಗಾಯತ ಶಿವಸಿಂಪಿಗಳು, ಉರ್ದು ಮಾತನಾಡುವ ದರ್ಜಿಗಳು ಹೀಗೆ ಒಂದೇ ಸೂಜಿ ಮೂರು ನಾಲ್ಕು ಸಮುದಾಯಗಳ ಕೈಯಲ್ಲಿತ್ತು. ಈ ಕಸುಬು ಒಂದೇ ಜಾತಿಯದೆಂದು ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ಆದರೆ ಅದು ಮನೆತನದ್ದಾಗಿತ್ತು ಎಂಬುದು ನಿಜ.

ಮಿಷನ್ ಬಂದ ಮೇಲೆ

ಕೈಹೊಲಿಗೆಯ ಕಾಲದಲ್ಲಿ ಒಂದು ಅಂಗಿಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಫ್ರಾನ್ಸಿನ ಬಾರ್ತೆಲೆಮಿ ತಿಮೋನಿಯೆ ಎಂಬ ದರ್ಜಿ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಅವನು ಯಂತ್ರಗಳನ್ನಿಟ್ಟು ಸೈನಿಕರ ಸಮವಸ್ತ್ರ ಹೊಲಿಸತೊಡಗಿದಾಗ ಪ್ಯಾರಿಸಿನ ದರ್ಜಿಗಳು ಹೊಟ್ಟೆಪಾಡು ಹೋಯಿತೆಂದು ನುಗ್ಗಿ ಅವನ್ನು ಒಡೆದುಹಾಕಿದರು. ಮುಂದೆ ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ತಮ್ಮ ತಮ್ಮ ಯಂತ್ರಗಳಿಗೆ ಹಕ್ಕುಪತ್ರ ಪಡೆದರು. ಸಿಂಗರ್ ಕಂಪನಿಯ ನಿಜವಾದ ಜಾಣತನ ಯಂತ್ರದಲ್ಲಿ ಇದ್ದಷ್ಟೇ ಕಂತಿನಲ್ಲೂ ಇತ್ತು. ತಿಂಗಳಿಗಿಷ್ಟು ಕಟ್ಟಿ ಮನೆಗೆ ಒಯ್ಯಬಹುದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಭಾರತದ ಪೇಟೆಗಳಿಗೂ ಬಂತು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರ ತಯಾರಾಗತೊಡಗಿತು.

ಯಂತ್ರಗಳ ಬಗ್ಗೆ ಅಷ್ಟು ಕಟುವಾಗಿದ್ದ ಗಾಂಧೀಜಿ ಹೊಲಿಗೆ ಯಂತ್ರವನ್ನು ಮಾತ್ರ ಒಪ್ಪಿದ್ದರು. 1924ರಲ್ಲಿ ರಾಮಚಂದ್ರನ್ ಎಂಬ ವಿದ್ಯಾರ್ಥಿ ಈ ಬಗ್ಗೆ ಕೇಳಿದಾಗ, ಮನುಷ್ಯ ಕಂಡುಹಿಡಿದ ಉಪಯುಕ್ತ ವಸ್ತುಗಳಲ್ಲಿ ಅದೊಂದು, ಅದರ ಹಿಂದೆ ಹೆಂಡತಿಯ ದುಡಿಮೆ ಕಂಡು ಮರುಗಿದ ಗಂಡನ ಪ್ರೀತಿ ಇದೆ ಎಂಬರ್ಥದ ಮಾತಾಡಿದರು. ಮೂರು ವರ್ಷದ ನಂತರ, 1927ರಲ್ಲಿ, ಅವರು ನಮ್ಮ ಪಕ್ಕದ ನಂದಿಬೆಟ್ಟದಲ್ಲೇ ವಿಶ್ರಾಂತಿಗೆಂದು ತಂಗಿದ್ದರು.

ಪ್ಯಾರಿಸ್ಸಿನ ದರ್ಜಿಗಳು ಹೆದರಿದ್ದು ನಮ್ಮಲ್ಲಿ ಆಗಲಿಲ್ಲ. ಆಗಿದ್ದು ತಿರುಗುಮುರುಗು. ಮಿಷನ್ ಬಂದ ಮೇಲೇ ದರ್ಜಿ ಊರೂರಿಗೆ ಬಂದ. ಸಂತೆಬೀದಿಯ ಜವಳಿ ಅಂಗಡಿಯ ಜಗಲಿಯಲ್ಲಿ ಒಂದು ಮಿಷನ್ ಇಟ್ಟುಕೊಂಡರೆ ಒಂದು ಸಂಸಾರ ನಡೆಯುತ್ತಿತ್ತು. ಬಟ್ಟೆ ಅಂಗಡಿಯವರದು, ಹೊಲಿಗೆ ಇವರದು. ಶಾಲೆ, ಕಚೇರಿ, ಪೊಲೀಸು, ರೈಲು ಎಲ್ಲವೂ ಹೊಲಿದ ಬಟ್ಟೆ ಕೇಳತೊಡಗಿದವು. ಸುಮಾರು ಮೂರು ತಲೆಮಾರು ಈ ಕಸುಬು ಅಪ್ಪನಿಂದ ಮಗನಿಗೆ ಗಟ್ಟಿಯಾಗಿ ನಡೆದದ್ದು ಈ ಕಾಲದಲ್ಲೇ.

ಹತ್ತು ವರ್ಷದ ಪಾಠ

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಹುಡುಗ ಅಂಗಡಿಗೆ ಬಂದ ಮೊದಲ ದಿನ ಅವನ ಕೈಗೆ ಸಿಗುತ್ತಿದ್ದುದು ಪೊರಕೆ. ನೆಲದ ಗುಂಡುಸೂಜಿ ಹೆಕ್ಕುವುದು, ಬಾಬಿನ್ನಿಗೆ ನೂಲು ಸುತ್ತುವುದು, ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬಿ ಗಾಳಿ ಹಾಕುವುದು. ಆಮೇಲೆ ಗುಂಡಿ, ಕಾಜ. ಒಂದೊಂದು ಕಾಜವೂ ಒಂದೇ ಅಗಲಕ್ಕೆ ಬರುವ ತನಕ ಅದೇ ಕೆಲಸ. ಆಮೇಲೆ ಕೈಯಲ್ಲಿ ಹೆಮ್ಮಿಂಗ್, ಮೇಲಿನಿಂದ ನೋಡಿದರೆ ನೂಲು ಕಾಣಬಾರದು.

ಮಿಷನ್ ತುಳಿಯಲು ಬಿಟ್ಟರೂ ಮೊದಲು ನೂಲಿಲ್ಲ, ಬಟ್ಟೆಯೂ ಇಲ್ಲ. ಗೆರೆ ಎಳೆದ ಕಾಗದದ ಮೇಲೆ ಬರಿಯ ಸೂಜಿ ಓಡಿಸಬೇಕು. ಕಾಲಿನ ಲಯ ತಪ್ಪಿದರೆ ಚಕ್ರ ಹಿಂದಕ್ಕೆ ತಿರುಗುತ್ತದೆ. ನೂಲಿದ್ದರೆ ಆಗಲೇ ತುಂಡು. ನೇರ ಗೆರೆ ಬಂದ ಮೇಲೆ ಬಾಗಿದ ಗೆರೆ. ಅದು ಬಂದ ಮೇಲೆ ದಿಂಬಿನ ಚೀಲ, ಲಂಗ, ಪೈಜಾಮ, ಪಟ್ಟಾಪಟ್ಟಿ ಚಡ್ಡಿ. ಅಂಗಿಯಲ್ಲಿ ಮೊದಲು ಜೇಬು, ಕೊನೆಗೆ ಕಾಲರ್. ಎರಡು ಕಾಲರ್ ಮೂತಿಯೂ ಒಂದೇ ಕೋನಕ್ಕೆ ಕೂರುವುದು ಸುಲಭವಲ್ಲ ಎಂದು ಬಲ್ಲವರು ಇಲ್ಲಿದ್ದೀರಿ. ಇಷ್ಟಾಗುವ ಹೊತ್ತಿಗೆ ನಾಲ್ಕೈದು ವರ್ಷ ಆಗಿರುತ್ತಿತ್ತು. ಹುಡುಗ ಹೊಲಿಯುವುದರಲ್ಲಿ ಪಳಗಿದ್ದಾನೆ, ಆದರೂ ಅವನನ್ನು ಯಾರೂ ಮಾಸ್ಟರ್ ಎನ್ನುವುದಿಲ್ಲ. ಏಕೆಂದರೆ ಕತ್ತರಿ ಇನ್ನೂ ಅಪ್ಪನ ಕೈಯಲ್ಲೇ ಇದೆ.

ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿಸಿದ್ದು ತಪ್ಪಿದರೆ ಬಟ್ಟೆ ಹೋಯಿತು, ಗಿರಾಕಿಯೂ ಹೋದರು. ಈ ಒಂದು ವ್ಯತ್ಯಾಸದಿಂದಲೇ ಅಂಗಡಿಯೊಳಗೆ ಎರಡು ಅಂತಸ್ತು ಹುಟ್ಟಿದವು. ಮಿಷನ್ ಮೇಲೆ ಕೂರುವವನಿಗೆ ಪೀಸಿನ ಲೆಕ್ಕದಲ್ಲಿ ಕೂಲಿ, ನಿಂತು ಕತ್ತರಿಸುವವನಿಗೆ ಅಂಗಡಿಯ ಹೆಸರು.

ಕತ್ತರಿಸುವ ಲೆಕ್ಕ ಕಾಗದದ ಮೇಲೆ ದೊಡ್ಡದೇನಲ್ಲ. ಎದೆಯ ಸುತ್ತಳತೆ 36 ಇಂಚಾದರೆ ಕಾಲುಭಾಗ 9. ಉಸಿರಾಡಲು, ಕೈ ಎತ್ತಲು ಅದಕ್ಕೆ ಒಂದು ಒಂದೂವರೆ ಇಂಚು. ಹೊಲಿಗೆಯೊಳಗೆ ಮಡಚಲು ಇನ್ನು ಅರ್ಧ ಮುಕ್ಕಾಲು. (ದೇಶ 1956ರ ಕಾಯಿದೆಯ ನಂತರ ಮೆಟ್ರಿಕ್ ಪದ್ಧತಿಗೆ ಹೋಯಿತು. ಬಟ್ಟೆಯನ್ನು ಮೀಟರಿನಲ್ಲಿ ಕೊಂಡು ಮೈಯನ್ನು ಇಂಚಿನಲ್ಲಿ ಅಳೆಯುವವರಾಗಿ ಟೈಲರುಗಳು ಹಾಗೇ ಉಳಿದರು.) ಈ ಸೂತ್ರ ನಿಮ್ಮ ತರಬೇತಿ ಪುಸ್ತಕದಲ್ಲೂ ಇದೆ. ಆದರೆ ಸೂತ್ರ ಎರಡೂ ಭುಜ ಸಮ, ಬೆನ್ನು ನೆಟ್ಟಗೆ ಎಂದು ನಂಬಿಕೊಂಡು ಹೊರಟಿರುತ್ತದೆ. ಅಂಗಡಿಗೆ ಬರುವ ಮನುಷ್ಯ ಹಾಗಿರುವುದಿಲ್ಲ. ವರ್ಷಾನುಗಟ್ಟಲೆ ಒಂದೇ ಹೆಗಲಿನ ಮೇಲೆ ಮೂಟೆ ಹೊತ್ತವರಿಗೆ ಆ ಭುಜ ಇಳಿದಿರುತ್ತದೆ. ಗುಂಡಿಮಗ್ಗದಲ್ಲಿ ಬಾಗಿ ಕುಳಿತು ನೇಯ್ದವರಿಗೆ ಬೆನ್ನು ಗೂನಾಗಿರುತ್ತದೆ, ಅವರಿಗೆ ಹಿಂಭಾಗ ಉದ್ದ ಬಿಟ್ಟು ಮುಂಭಾಗ ಮೊಟಕು ಮಾಡಬೇಕು. ಹೊಟ್ಟೆ ಬಂದವರಿಗೆ ಇದರ ತಿರುಗುಮುರುಗು. ಇಲ್ಲದಿದ್ದರೆ ಅಂಗಿಯ ಮುಂದಿನ ಅಂಚು ಮೇಲೆದ್ದು ನಿಲ್ಲುತ್ತದೆ.

ಇದನ್ನೆಲ್ಲ ಟೇಪು ಹೇಳುವುದಿಲ್ಲ, ಕಣ್ಣು ಹೇಳಬೇಕು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ನೋಡಿಕೊಳ್ಳಬೇಕು. ಟೇಪು ಹತ್ತಿರ ಬಂದ ಕೂಡಲೇ ಗಂಡಸರು ಹೊಟ್ಟೆ ಒಳಗೆಳೆದು ಎದೆಯುಬ್ಬಿಸಿ ನಿಲ್ಲುತ್ತಾರೆ. ಅದಕ್ಕೇ ಹಳೆಯ ಮಾಸ್ಟರುಗಳು ಅಳತೆ ತೆಗೆಯುವಾಗ ಮಳೆಬೆಳೆಯ ಮಾತು ತೆಗೆಯುತ್ತಿದ್ದರು. ಮಾತಿಗೆ ಸಿಕ್ಕಿದ ಮನುಷ್ಯ ಉಸಿರು ಬಿಡುತ್ತಾನೆ, ನಿಜವಾದ ಅಳತೆ ಆಗ ಸಿಗುತ್ತದೆ. ಇಳಿದ ಭುಜ, ಗೂನು ಬೆನ್ನು ಇವನ್ನು ಬಾಯಲ್ಲಿ ಹೇಳುವಂತಿಲ್ಲ. ಬಿಲ್ ಪುಸ್ತಕದಲ್ಲಿ ಅಳತೆಯ ಪಕ್ಕ ತಮಗೆ ಮಾತ್ರ ತಿಳಿಯುವ ಒಂದು ಗುರುತು ಹಾಕಿಕೊಳ್ಳುತ್ತಿದ್ದರು. ಮಗ ಆ ಗುರುತುಗಳನ್ನು ಓದಲು ಕಲಿಯುತ್ತಿದ್ದ. ಊರಿನ ಅರ್ಧ ಜನರ ಮೈ ಆ ಪುಸ್ತಕದಲ್ಲಿರುತ್ತಿತ್ತು. ಅಪ್ಪ ಕೊಟ್ಟುಹೋಗುವ ಆಸ್ತಿಯೆಂದರೆ ಮಿಷನ್ನಿಗಿಂತ ಅದೇ.

ಇನ್ನೊಂದು ಪಾಠ ಬಟ್ಟೆಯದು. ನೇಕಾರರ ಮನೆಯಿಂದ ಬಂದವರಿಗೆ ಹಾಸು ಯಾವುದು, ಹೊಕ್ಕು ಯಾವುದು ಎಂದು ನಾನು ಹೇಳಬೇಕಿಲ್ಲ. ಹಾಸಿನ ಎಳೆ ಬಿಗಿ, ಎಳೆದರೆ ಹೆಚ್ಚು ಹಿಗ್ಗದು. ಹೊಕ್ಕಿನ ಎಳೆ ಸ್ವಲ್ಪ ಹಿಗ್ಗುತ್ತದೆ. ಎರಡಕ್ಕೂ ಓರೆಯಾಗಿ, ಮೂಲೆಯಿಂದ ಮೂಲೆಗೆ ಎಳೆದರೆ ಬಟ್ಟೆ ರಬ್ಬರಿನಂತೆ ಬರುತ್ತದೆ. ಅದಕ್ಕೇ ಅಂಗಿಯ ಉದ್ದ ಹಾಸಿನ ದಿಕ್ಕಿಗೆ, ಕುತ್ತಿಗೆಯ ಪಟ್ಟಿ ‘ಕ್ರಾಸ್’ ದಿಕ್ಕಿಗೆ. ಆದರೆ ಸೀರೆಯ ಜೊತೆ ಬರುವ ಬ್ಲೌಸ್ ಪೀಸಿನಲ್ಲಿ ಈ ನಿಯಮ ಮುರಿಯುತ್ತದೆ. ಸೀರೆಯ ಅಂಚು ಹಾಸಿನ ಉದ್ದಕ್ಕೆ ಓಡುತ್ತದೆ. ಆ ಅಂಚು ತೋಳಿನ ತುದಿಗೆ ಬರಬೇಕೆಂದರೆ ತೋಳಿನ ಉದ್ದವನ್ನು ಹೊಕ್ಕಿನ ದಿಕ್ಕಿಗೆ ಇಡಲೇಬೇಕು. ಹಾಗಾಗಿ ಒಂದೇ ಬ್ಲೌಸಿನಲ್ಲಿ ಮೈಭಾಗ ಒಂದು ರೀತಿ, ತೋಳು ಇನ್ನೊಂದು ರೀತಿ ಹಿಗ್ಗುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ ಕತ್ತರಿಸಬೇಕು. ರೇಷ್ಮೆಯಾದರೆ ಬಿಚ್ಚಿ ಹೊಲಿಯುವ ಮಾತೂ ಇಲ್ಲ, ಸೂಜಿಯ ತೂತು ಹಾಗೇ ಉಳಿಯುತ್ತದೆ. ಮೂರು ತಿಂಗಳಲ್ಲಿ ಇದನ್ನು ಕೇಳಬಹುದು. ಕೈಗೆ ಬರಲು ಹತ್ತಾರು ಬಟ್ಟೆ ಹಾಳಾಗಬೇಕು, ಹಾಳಾದ ಬಟ್ಟೆಯ ದಂಡವನ್ನು ಅಪ್ಪ ಕಟ್ಟಬೇಕು. ಮನೆತನದ ಕಸುಬು ಎಂಬುದಕ್ಕೆ ಈ ಅರ್ಥವೂ ಇತ್ತು.

ಮುಚ್ಚಿದ ಬಾಗಿಲು

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಾನು ವರದಿಗಾರನಲ್ಲ. ಈ ವಿದ್ಯೆ ಮನೆಯಲ್ಲಿ ಹರಿದು ಬಂತು ಎಂದು ಕೊಂಡಾಡುತ್ತೇವೆ. ಮನೆಯಿಂದ ಹೊರಗೆ ಹರಿಯದಂತೆ ತಡೆದದ್ದೂ ಅದೇ ಮನೆ. ಹೊರಗಿನ ಹುಡುಗ ಎಷ್ಟು ವರ್ಷ ದುಡಿದರೂ ಕತ್ತರಿ ಕೈಗೆ ಬರುವುದು ಕಷ್ಟವಿತ್ತು. ಕಟಿಂಗ್ ಕಲಿತವನು ನಾಳೆ ಎದುರುಬೀದಿಯಲ್ಲಿ ಅಂಗಡಿ ಇಟ್ಟರೆ ಗಿರಾಕಿ ಹಂಚಿಹೋಗುತ್ತಾರೆ ಎಂಬ ಭಯ. ಭಯಕ್ಕೆ ಕಾರಣವಿರಲಿಲ್ಲ ಎನ್ನಲಾರೆ.

ಹೊರಗಿನ ಹುಡುಗನ ಮಾತಿರಲಿ, ಮನೆಯ ಹೆಣ್ಣುಮಕ್ಕಳಿಗಾದರೂ ಅದು ಸಿಕ್ಕಿತೆ? ಹೆಂಡತಿ, ಮಗಳು ರಾತ್ರಿ ಕೂತು ಕಾಜ ಹಾಕಿದರು, ಗುಂಡಿ ಕಟ್ಟಿದರು, ಹೆಮ್ಮಿಂಗ್ ಮಾಡಿದರು. ಅಂಗಡಿಯ ಬೋರ್ಡಿನ ಮೇಲೆ ಬಂದದ್ದು ‘ಅಂಡ್ ಸನ್ಸ್’. ಮಗಳು ಮದುವೆಯಾಗಿ ಬೇರೆ ಮನೆಗೆ ಹೋಗುವವಳು, ಅವಳಿಗೆ ಕಲಿಸಿದರೆ ವಿದ್ಯೆಯೂ ಜೊತೆಗೇ ಹೋಗುತ್ತದೆ ಎಂಬ ಲೆಕ್ಕ. ನನ್ನ ಪ್ರಕಾರ ಈ ಕಸುಬಿಗೆ ಬಿದ್ದ ಮೊದಲ ಪೆಟ್ಟು ಸಿದ್ಧ ಉಡುಪಿನದಲ್ಲ, ಈ ಲೆಕ್ಕದ್ದು. ಗಂಡುಮಕ್ಕಳು ಓದಿ ಕೆಲಸಕ್ಕೆ ಹೋದ ದಿನ ಕತ್ತರಿ ಹಿಡಿಯಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಕಾಜ ಹಾಕುತ್ತಿದ್ದ ಕೈಗಳಿದ್ದವು, ಅವಕ್ಕೆ ಕಟಿಂಗ್ ಹೇಳಿಕೊಟ್ಟಿರಲಿಲ್ಲ.

ಹಿಡಿದು ಉಳಿಸಿಕೊಂಡ ಮನೆತನಗಳೂ ಇಲ್ಲದಿಲ್ಲ. ಬೆಂಗಳೂರಿನ ಪಿ.ಎನ್. ರಾವ್ ಅಂಗಡಿಯನ್ನು ಪಿಶೆ ನಾರಾಯಣರಾವ್ 1923ರಲ್ಲಿ ತೆರೆದರು. ಮೊದಲು ಇಂಗ್ಲಿಷ್ ಹೆಂಗಸರ ಉಡುಪು ಹೊಲಿಯುತ್ತಿದ್ದ ಅಂಗಡಿ ಕಾಲ ಬದಲಾದಂತೆ ಗಂಡಸರ ಸೂಟಿಗೆ ತಿರುಗಿತು. 2023ರಲ್ಲಿ ನೂರು ವರ್ಷ ತುಂಬಿತು, ಮೂರನೆಯ ತಲೆಮಾರು ನಡೆಸುತ್ತಿದೆ. ಆದರೆ ದಂಡು ಪ್ರದೇಶದ ಬೆಂಗಳೂರಿನಲ್ಲಿ ಸೂಟಿಗೆ ಗಿರಾಕಿ ಇದ್ದರು. ಹೊಸಕೋಟೆಯ ಸಂತೆಬೀದಿಯಲ್ಲಿ, ನೆಲಮಂಗಲದ ಬಸ್ ನಿಲ್ದಾಣದ ಪಕ್ಕದಲ್ಲಿ ಅಂಗಿ ಪ್ಯಾಂಟು ಹೊಲಿಯುತ್ತಿದ್ದವರಿಗೆ ಆ ದಾರಿ ಇರಲಿಲ್ಲ.

ನಂಬರ್ ಅಂಗಿ

ಸಿದ್ಧ ಉಡುಪು ಮಾಡಿದ್ದೇನು? ಅಳತೆಯನ್ನು ಮನುಷ್ಯನಿಂದ ಬಿಡಿಸಿ ನಂಬರಿಗೆ ಕಟ್ಟಿತು. 38, 40, 42. ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಲಕ್ಷಾಂತರ ಸೈನಿಕರಿಗೆ ಸಮವಸ್ತ್ರ ಬೇಕಾದಾಗ ಈ ನಂಬರ್ ಪದ್ಧತಿ ಬಲವಾಯಿತು ಎನ್ನುತ್ತಾರೆ. ನಮ್ಮಲ್ಲಿ ಬಹಳ ಕಾಲ ಅಮೆರಿಕ, ಇಂಗ್ಲೆಂಡು, ಯೂರೋಪಿನ ಮೈಕಟ್ಟಿನ ನಂಬರುಗಳನ್ನೇ ಅಷ್ಟಿಷ್ಟು ತಿದ್ದಿ ಬಳಸಿದರು. ನಾನು ಈಗ ಹಾಕಿರುವ ಅಂಗಿಯೂ ನಂಬರಿನದೇ. ಭುಜ ಸರಿ, ತೋಳು ಅರ್ಧ ಇಂಚು ಉದ್ದ, ನೀವು ಆಗಲೇ ಗಮನಿಸಿರುತ್ತೀರಿ. ಭಾರತೀಯರದೇ ಅಳತೆ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ‘ಇಂಡಿಯಾ ಸೈಜ್’ ಎಂಬ ಸಮೀಕ್ಷೆ ಕೈಗೊಂಡಿತು. ಆರು ನಗರಗಳಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಮೈಯನ್ನು ಸ್ಕ್ಯಾನರಿನಿಂದ ಅಳೆಯುವ ಯೋಜನೆ ಅದು. ಬಿಲ್ ಪುಸ್ತಕಗಳನ್ನು ತೂಕಕ್ಕೆ ಹಾಕಿದ ನಾಡು ಸ್ಕ್ಯಾನರ್ ತರಿಸಿದ್ದು ತಮಾಷೆಯಾಗಿದೆ.

ಬೆಂಗಳೂರು ಎಪ್ಪತ್ತು, ಎಂಬತ್ತರ ದಶಕದಲ್ಲಿ ಗಾರ್ಮೆಂಟ್ಸ್ ನಗರವಾಗಿ ಬೆಳೆಯಿತು. ದೇಶದೇಶಗಳ ನಡುವೆ ಜವಳಿ ರಫ್ತಿಗೆ ಹಾಕಿದ್ದ ಕೋಟಾ ಪದ್ಧತಿ 2005ರ ಜನವರಿ 1ರಂದು ಕೊನೆಗೊಂಡ ಮೇಲೆ ದೊಡ್ಡ ಕಾರ್ಖಾನೆಗಳಿಗೆ ಇನ್ನಷ್ಟು ದಾರಿ ಸಿಕ್ಕಿತು. ನಿಮ್ಮಲ್ಲಿ ಹಲವರು ಅಲ್ಲಿ ದುಡಿದವರೇ ಇದ್ದೀರಿ. ಅಲ್ಲಿ ಬಟ್ಟೆಯ ಹತ್ತಾರು ಪದರ ಹಾಸಿ ಒಮ್ಮೆಗೇ ಕತ್ತರಿಸುತ್ತಾರೆ. ಲೈನಿನಲ್ಲಿ ಒಬ್ಬರಿಗೆ ಕಾಲರ್, ಒಬ್ಬರಿಗೆ ಕಫ್, ಒಬ್ಬರಿಗೆ ಜೇಬು, ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್. ಕಾಲರ್ ಹೊಲಿಯುವವರು ಐದು ವರ್ಷ ಕಾಲರನ್ನೇ ಹೊಲಿದಿರಬಹುದು. ಆದರೂ ಹುದ್ದೆಯ ಹೆಸರು ‘ಟೈಲರ್’. ಸರ್ಕಾರದ ಕನಿಷ್ಠ ವೇತನದ ಪಟ್ಟಿಯಲ್ಲೂ ಗಾರ್ಮೆಂಟ್ಸ್ ಬರುವುದು ಟೈಲರಿಂಗ್ ಉದ್ಯಮ ಎಂಬ ಹೆಸರಿನಲ್ಲೇ. ಹೆಸರು ಉಳಿಯಿತು, ಒಳಗಿನ ಕೆಲಸ ಹಂಚಿಹೋಯಿತು. ಮಿಷನ್ ಮೇಲೆ ಕೂರುವ ಭಾಗ ಸಾವಿರಾರು ಹೆಂಗಸರಿಗೆ ಸಿಕ್ಕಿತು, ಕತ್ತರಿಯ ಭಾಗ ಕಂಪ್ಯೂಟರಿಗೆ ಹೋಯಿತು. ಅಂಗಡಿಯೊಳಗಿದ್ದ ಹಳೆಯ ಎರಡು ಅಂತಸ್ತು ಕಾರ್ಖಾನೆಯಲ್ಲೂ ಹಾಗೇ ಇದೆ.

ಬ್ಲೌಸ್ ಉಳಿಸಿದ ಕಸುಬು

ಇಷ್ಟಾದರೂ ಒಂದು ಉಡುಪಿಗೆ ನಂಬರ್ ಹಿಡಿಯಲಿಲ್ಲ. ಅದು ಸೀರೆಯ ಮೇಲಿನ ಬ್ಲೌಸ್. ಅಂಗಿಯಲ್ಲಿ ನಾಲ್ಕೈದು ಇಂಚು ಸಡಿಲ ಇದ್ದರೂ ನಡೆಯುತ್ತದೆ. ಬ್ಲೌಸಿನಲ್ಲಿ ಅರ್ಧ ಇಂಚು ತಪ್ಪಿದರೆ ಹಾಕುವಂತಿಲ್ಲ. ಜೊತೆಗೆ ಪ್ರತಿ ಸೀರೆಯೂ ತನ್ನದೇ ಬಟ್ಟೆಯ ತುಂಡು ತರುತ್ತದೆ. ಸಿದ್ಧ ಬ್ಲೌಸ್ ಪೇಟೆಯಲ್ಲಿ ಸಿಗುತ್ತದೆ ನಿಜ, ಮದುವೆಯ ರೇಷ್ಮೆಗೆ ಅದನ್ನು ಹಾಕುವವರು ಎಷ್ಟು ಜನ? ನಮ್ಮ ಊರಿನ ಮಗ್ಗಗಳಿಂದ ಇಳಿಯುವ ಬ್ಲೌಸ್ ಪೀಸ್ ಎಲ್ಲೋ ಒಂದು ಕಡೆ ಒಬ್ಬ ಟೈಲರಿಗೆ ಕೆಲಸ ಕೊಡುತ್ತಿದೆ. ಪ್ರಿನ್ಸೆಸ್ ಕಟ್, ಕಟೋರಿ, ಬೋಟ್ ನೆಕ್, ಲೈನಿಂಗ್, ಅದರ ಮೇಲೆ ಆರಿ ಕೆಲಸ, ಸೆರಗಿಗೆ ಕುಚ್ಚು, ಕೆಳಗೆ ಫಾಲ್. ಅಂಗಿಯ ಕೆಲಸ ಹೋದ ಕಡೆ ಇದು ಬಂದು ಕೂತಿದೆ.

ಇಲ್ಲಿ ನಿಮಗೊಂದು ಅನುಕೂಲವಿದೆ. ಗಂಡಸರು ಲೇಡೀಸ್ ಟೈಲರ್ ಆಗಿದ್ದ ಕಾಲದಲ್ಲಿ ಸಂಕೋಚದಿಂದ ಹೆಂಗಸರು ಅಳತೆಗೆ ನಿಲ್ಲುತ್ತಿರಲಿಲ್ಲ. ‘ಅಳತೆ ಬ್ಲೌಸ್ ತಂದಿದ್ದೀರಾ ಅಮ್ಮ?’ ಎಂಬುದು ಮೊದಲ ಪ್ರಶ್ನೆ. ಹಳೆಯ ಬ್ಲೌಸ್ ನೋಡಿ ಹೊಸದು, ಆ ಹೊಸದು ಹಳತಾದಾಗ ಅದನ್ನು ನೋಡಿ ಇನ್ನೊಂದು. ಐದು ವರ್ಷದ ಹಿಂದಿನ ತಪ್ಪು ಹಾಗೇ ನಕಲಾಗುತ್ತ ಹೋಗುತ್ತಿತ್ತು. ಮೈ ನೋಡಿ ಅಳೆಯುವ ವಿದ್ಯೆ ಗಂಡಸರ ಅಂಗಿಯಲ್ಲಿ ಎಷ್ಟು ಬೆಳೆದಿತ್ತೋ ಹೆಂಗಸರ ಕುಪ್ಪಸದಲ್ಲಿ ಅಷ್ಟು ಬೆಳೆಯಲೇ ಇಲ್ಲ. ನೀವು ಗಿರಾಕಿಯನ್ನು ನಿಲ್ಲಿಸಿ, ಅಕ್ಕ ಕೈ ಎತ್ತಿ, ತಿರುಗಿ ಎನ್ನಬಹುದು. ಹಿರಿಯ ಮಾಸ್ಟರುಗಳು ಮೂಟೆ ಹೊತ್ತ ಭುಜವನ್ನು ಓದಿದಂತೆ, ಮಗುವನ್ನು ಒಂದೇ ಸೊಂಟದ ಮೇಲೆ ಎತ್ತಿಕೊಂಡ ತಾಯಿಯ ಇಳಿದ ಭುಜವನ್ನು ನೀವು ಓದಬಹುದು. ಬಿಲ್ ಪುಸ್ತಕ ಇಡಿ. ಮೊಬೈಲಿನಲ್ಲಿ ಬರೆದುಕೊಂಡರೂ ಆದೀತು, ತಾರೀಖು ಬರೆಯುವುದನ್ನು ಮರೆಯಬೇಡಿ. ಮೈ ಬದಲಾಗುತ್ತದೆ.

ಸರ್ಕಾರದ ಮಾತು ಒಂದಿಷ್ಟು. ಹೊಲಿಗೆ ಯಂತ್ರವನ್ನು ಉಚಿತವಾಗಿ ಹಂಚುವ ಯೋಜನೆಗಳು ಪ್ರತಿ ಸರ್ಕಾರದಲ್ಲೂ ಬಂದಿವೆ. ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಆರಂಭವಾಯಿತು. 18 ಕಸುಬುಗಳಲ್ಲಿ ದರ್ಜಿಯದೂ ಒಂದು. ಕೆಲವು ದಿನಗಳ ತರಬೇತಿ, ಅದಕ್ಕೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15 ಸಾವಿರ ರೂಪಾಯಿ, ಮೊದಲ ಸಲ 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷದವರೆಗೆ ಶೇಕಡ 5ರ ಬಡ್ಡಿಯಲ್ಲಿ ಸಾಲ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅಪ್ಪ ಅರ್ಜಿ ಹಾಕಿದ್ದರೆ ಅದೇ ಮನೆಯಲ್ಲಿ ಕಲಿಯುತ್ತಿರುವ ಮಗಳಿಗಿಲ್ಲ. ಮನೆತನದಲ್ಲಿ ಬಂದ ಕಸುಬನ್ನು ಉಳಿಸಲು ಹೊರಟ ಯೋಜನೆ ಒಂದು ಮನೆಯಲ್ಲಿ ಒಬ್ಬರನ್ನೇ ಎಣಿಸುತ್ತದೆ. ದುರುಪಯೋಗ ತಡೆಯಲು ಹಾಗೆ ಮಾಡಿರಬಹುದು, ನನಗೆ ಮಾತ್ರ ಅದು ಸರಿಯೆನಿಸುವುದಿಲ್ಲ. ಇನ್ನೂ ಮುಖ್ಯವಾದ ಕೊರತೆ ಬೇರೆ. ಯಂತ್ರ ಕೊಡುವವರು ಬಹಳ, ಕಟಿಂಗ್ ಟೇಬಲ್ಲಿನ ಮುಂದೆ ವರ್ಷಗಟ್ಟಲೆ ನಿಲ್ಲಿಸಿ ಕಲಿಸುವವರು, ಹಾಳಾದ ಬಟ್ಟೆಯ ದಂಡ ಕಟ್ಟುವವರು ಇಲ್ಲ.

ಅದಕ್ಕೇ ಒಂದು ಸೂಚನೆ. ಈ ತಾಲ್ಲೂಕಿನಲ್ಲಿ ಮಗ ಮುಂದುವರಿಸದ ಅಂಗಡಿಗಳು ಇವೆ. ಮಾಸ್ಟರಿಗೆ ಕಣ್ಣು ಮಂಜಾಗಿರಬಹುದು, ಕಾಲು ತುಳಿಯಲು ಒಪ್ಪದಿರಬಹುದು, ಸೀಮೆಸುಣ್ಣದ ಗೆರೆ ಈಗಲೂ ನೇರವಾಗಿಯೇ ಬರುತ್ತದೆ. ನೀವು ಐದಾರು ಜನ ಸೇರಿ, ಜೂನ್ ತಿಂಗಳ ಶಾಲಾ ಸಮವಸ್ತ್ರದ ಕೆಲಸ ಬರುವ ಮುಂಚೆ, ಅಂಥ ಒಬ್ಬರ ಅಂಗಡಿಯನ್ನು ಮಧ್ಯಾಹ್ನದ ಹೊತ್ತು ಕೇಳಿಕೊಳ್ಳಿ. ಪುಕ್ಕಟೆ ಬೇಡ, ತಿಂಗಳಿಗಿಷ್ಟು ಎಂದು ಗುರುದಕ್ಷಿಣೆ ಕೊಡಿ. ಮೊದಲ ತಿಂಗಳು ಹಳೆಯ ಪಂಚೆ, ಹರಿದ ಬೆಡ್‌ಶೀಟ್ ಕತ್ತರಿಸಿದರೆ ಸಾಕು.

ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ತೋಳಿನ ಸುತ್ತು ಹೇಗೆ ತೆಗೆಯಬೇಕು, ಕ್ರಾಸ್ ಪಟ್ಟಿ ಯಾಕೆ ಸುರುಳಿಯಾಗುತ್ತದೆ ಎಂದು ಆಗಿನಿಂದ ಹಿಂದಿನ ಸಾಲಿನಲ್ಲಿ ಪಿಸುಮಾತು ನಡೆದಿದೆ. ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಉತ್ತರ ಗೊತ್ತಿರುವ ಮೂವರು ಮಾಸ್ಟರುಗಳು ಮುಂದೆಯೇ ಕುಳಿತಿದ್ದಾರೆ, ಟೇಬಲ್ಲೂ ಇದೆ, ಯಾರೋ ಕತ್ತರಿಯನ್ನೂ ತಂದಿಟ್ಟಿದ್ದಾರೆ. ಬನ್ನಿ ಸಾರ್, ಮೊದಲು ನೀವೇ.